ಹೊಸಮನೆಯಿಂದ ಹೊರಟ ಸಂತ: ಸ್ಪೇನಿನ ಅರಗೋನ್ ನದಿ ಕಣಿವೆಯ ಪುಣ್ಯಸ್ಥಳಗಳು ಮತ್ತು ಕಾಲುದಾರಿಗಳು

ಪ್ರತಿ ವರ್ಷ ಡಿಸೆಂಬರ್ 3ರಂದು ನಮ್ಮ ಕರಾವಳಿಯ ಕ್ರೈಸ್ತ ಸಭೆಯು ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಹಬ್ಬವನ್ನು ಭಕ್ತಿಯಿಂದ ಆಚರಿಸುತ್ತದೆ. ಮಂಗಳೂರಿನ ಬಿಜೈ ಚರ್ಚ್, ಉಡುಪಿ ಜಿಲ್ಲೆಯ ಉದ್ಯಾವರ ಚರ್ಚ್ ಅವರ ಪಾಲನೆಗೆ ಒಪ್ಪಿಸಲ್ಪಟ್ಟ ದೇವಾಲಯಗಳು. 'ಗೋಂಯ್ಚೊ ಸಾಯ್ಬ್' ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಈ ಸಂತರ ಪವಿತ್ರ ಅವಶೇಷಗಳ ದರ್ಶನವು 2024ರ ನವೆಂಬರ್ 21ರಿಂದ 2025ರ ಜನವರಿ 5ರ ತನಕ ಹಳೆ ಗೋವೆಯಲ್ಲಿ ನಡೆದಾಗ ನಮ್ಮ ಧರ್ಮಕೇಂದ್ರಗಳಿಂದಲೂ ಬಸ್ಸು ಮಾಡಿಕೊಂಡು ಹೋದವರು ಅನೇಕರು. ಅವರು ಮರಣ ಹೊಂದಿದ ಚೀನಾದ ದ್ವೀಪದ ಕಥೆ, ಗೋವೆಗೆ ಶರೀರ ಬಂದ ಕಥೆ ನಮಗೆ ಬಾಲ್ಯದಿಂದಲೇ ಗೊತ್ತು. ಆದರೆ ಅವರು ಹುಟ್ಟಿದ ಊರು ಯಾವುದು, ಅಲ್ಲಿ ಈಗ ಏನಿದೆ ಎಂದು ಕೇಳಿದರೆ ಹೆಚ್ಚಿನವರು 'ಸ್ಪೇನ್' ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ.

ಇನ್ನೊಂದು ಸಂಗತಿಯೂ ಇದೆ. ಫಾತಿಮಾ ಮತ್ತು ಲೂರ್ದಿಗೆ ನಮ್ಮಲ್ಲಿಂದ ಈಗ ಯಾತ್ರಾ ತಂಡಗಳು ಹೋಗುತ್ತವೆ. ಲೂರ್ದು ಇರುವುದು ಪಿರನೀಸ್ ಪರ್ವತದ ಉತ್ತರದ ತಪ್ಪಲಿನಲ್ಲಿ. ಅದೇ ಪರ್ವತದ ದಕ್ಷಿಣದ ತಪ್ಪಲಿನಲ್ಲಿ ಹರಿಯುವ ಅರಗೋನ್ ನದಿಯ ಕಣಿವೆಯಲ್ಲಿ ಫ್ರಾನ್ಸಿಸರ ಜನ್ಮಸ್ಥಳವಿದೆ. ಬಹುಪಾಲು ತಂಡಗಳು ಅದರ ಆಸುಪಾಸಿನಲ್ಲೇ ಹಾದು, ನೋಡದೆ ಮುಂದೆ ಹೋಗುತ್ತವೆ. ನೋಡಿದರೂ ಒಂದು ಗಂಟೆ, ನಾಲ್ಕು ಫೋಟೊ, ಮತ್ತೆ ಬಸ್ಸು. ಈ ಕಣಿವೆ ಎರಡು ಮೂರು ದಿನವಾದರೂ ಕಾಲ್ನಡಿಗೆಯಲ್ಲಿ ಸುತ್ತಬೇಕಾದ ಸ್ಥಳ. ಯಾತ್ರೆ ಏರ್ಪಡಿಸುವ ಧರ್ಮಕೇಂದ್ರಗಳಿಗೂ, ಸ್ವಂತವಾಗಿ ಹೋಗಬಯಸುವ ಕುಟುಂಬಗಳಿಗೂ, ಮನೆಯಲ್ಲೇ ಕುಳಿತು ತಿಳಿದುಕೊಳ್ಳಬಯಸುವವರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ನಾವು ಇಲ್ಲಿ ಒಟ್ಟುಗೂಡಿಸಿದ್ದೇವೆ.

ನದಿ ಮತ್ತು ನಾಡು

ಅರಗೋನ್ ನದಿ ಫ್ರಾನ್ಸಿನ ಗಡಿಗೆ ತಾಗಿರುವ ಪಿರನೀಸ್ ಶಿಖರಗಳ ನಡುವೆ ಹುಟ್ಟುತ್ತದೆ. ಮೊದಲು ದಕ್ಷಿಣಕ್ಕೆ ಇಳಿದು, ಹಾಕ ಎಂಬ ಪಟ್ಟಣದ ಬಳಿ ಪಶ್ಚಿಮಕ್ಕೆ ತಿರುಗಿ, ಯೇಸ ಎಂಬಲ್ಲಿನ ದೊಡ್ಡ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ನವಾರ್ರ ಪ್ರಾಂತ್ಯಕ್ಕೆ ಬಂದು, ಸಂಗ್ವೇಸ ಪಟ್ಟಣದ ಪಕ್ಕದಲ್ಲಿ ಹರಿದು, ಕೊನೆಗೆ ಮಿಲಾಗ್ರೊ ಎಂಬ ಊರಿನ ಬಳಿ ಎಬ್ರೊ ಮಹಾನದಿಯನ್ನು ಕೂಡುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ 'ಮಿಲಾಗ್ರೊ' ಎಂದರೆ ಪವಾಡ. ನಮ್ಮ ಮಿಲಾಗ್ರಿಸ್ ಚರ್ಚುಗಳ ಹೆಸರನ್ನು ಬಲ್ಲವರಿಗೆ ಈ ಪದ ಹೊಸದೆನಿಸದು.

ನದಿಯ ಮೇಲ್ಭಾಗ ಅರಗೋನ್ ಪ್ರಾಂತ್ಯಕ್ಕೂ ಕೆಳಭಾಗ ನವಾರ್ರ ಪ್ರಾಂತ್ಯಕ್ಕೂ ಸೇರಿದೆ. ಒಂದು ಕಾಲದಲ್ಲಿ ಇವೆರಡೂ ಸ್ವತಂತ್ರ ರಾಜ್ಯಗಳು. ಇಡೀ ಅರಗೋನ್ ರಾಜ್ಯಕ್ಕೆ ಹೆಸರು ಬಂದದ್ದು ಈ ನದಿಯಿಂದಲೇ. ಗೋಧಿ ಗದ್ದೆಗಳು, ದ್ರಾಕ್ಷಿ ತೋಟಗಳು, ಓಕ್ ಮತ್ತು ಪೈನ್ ಕಾಡುಗಳು, ಗುಡ್ಡದ ತುದಿಯಲ್ಲಿ ಕಲ್ಲಿನ ಮನೆಗಳ ಸಣ್ಣ ಹಳ್ಳಿಗಳು: ಇದು ಕಣಿವೆಯ ಸಾಮಾನ್ಯ ನೋಟ. ಎಷ್ಟೋ ಹಳ್ಳಿಗಳಲ್ಲಿ ಇಂದು ನೂರು ಜನರೂ ಇಲ್ಲ. ಯುವಕರು ಪಟ್ಟಣ ಸೇರಿದ್ದಾರೆ, ಚರ್ಚಿನ ಬೀಗದ ಕೈ ಪಕ್ಕದ ಮನೆಯ ಅಜ್ಜಿಯ ಬಳಿ ಇರುತ್ತದೆ. ಈ ಚಿತ್ರ ನಮ್ಮ ಊರುಗಳ ಓದುಗರಿಗೂ ಅರ್ಥವಾಗುವಂಥದ್ದೇ.

ಸೋಂಪೋರ್ಟ್ ಕಣಿವೆದಾರಿ: ಯಾತ್ರಿಕರ ಬಾಗಿಲು

ಸಂತಿಯಾಗೊ ದೆ ಕೊಂಪೊಸ್ತೆಲದಲ್ಲಿರುವ ಪ್ರೇಷಿತ ಸಂತ ಯಾಕೋಬರ ಸಮಾಧಿಗೆ ಹೋಗುವ 'ಕಮೀನೊ' ಯಾತ್ರಾಮಾರ್ಗದ ಒಂದು ಶಾಖೆ ಇದೇ ಕಣಿವೆಯಲ್ಲಿ ಸಾಗುತ್ತದೆ. ಇದಕ್ಕೆ ಅರಗೋನ್ ಕಮೀನೊ ಎಂದು ಹೆಸರು. ಇದು 1,632 ಮೀಟರ್ ಎತ್ತರದ ಸೋಂಪೋರ್ಟ್ ಘಾಟಿಯಲ್ಲಿ ಆರಂಭವಾಗಿ ಸುಮಾರು 165 ಕಿ.ಮೀ. ಸಾಗಿ ಪುವೆಂತೆ ಲಾ ರೇನ ಎಂಬ ಪಟ್ಟಣದ ಬಳಿ ಮುಖ್ಯ ಮಾರ್ಗವನ್ನು ಸೇರುತ್ತದೆ. ಮುಖ್ಯ ಮಾರ್ಗದ ಜನಸಂದಣಿ ಇಲ್ಲಿಲ್ಲ. ಪ್ರಾರ್ಥಿಸುತ್ತಾ ನಡೆಯಬೇಕೆನ್ನುವವರಿಗೆ ಇದು ಹೇಳಿ ಮಾಡಿಸಿದ ದಾರಿ.

ಘಾಟಿಯ ಬಳಿ ಸಂತ ಕ್ರಿಸ್ತೀನ ಆಸ್ಪತ್ರೆಯ ಅಡಿಪಾಯದ ಕಲ್ಲುಗಳು ಉಳಿದಿವೆ. ಆ ಕಾಲದಲ್ಲಿ ಆಸ್ಪತ್ರೆ ಎಂದರೆ ಯಾತ್ರಿಕರಿಗೆ ಊಟ, ಹಾಸಿಗೆ, ಶುಶ್ರೂಷೆ ಕೊಡುವ ಧರ್ಮಛತ್ರ. 12ನೇ ಶತಮಾನದ ಯಾತ್ರಾ ಗ್ರಂಥವೊಂದು ಜಗತ್ತಿನ ಮೂರು ಮಹಾ ಛತ್ರಗಳಲ್ಲಿ ಇದೂ ಒಂದೆಂದು ಹೆಸರಿಸುತ್ತದೆ. ಅವುಗಳಲ್ಲಿ ಇನ್ನೊಂದು ಜೆರುಸಲೇಮಿನಲ್ಲಿತ್ತು. ಹಿಮದಲ್ಲಿ ದಾರಿ ತಪ್ಪಿದವರಿಗೆ ಇದೇ ಜೀವದಾನ ಮಾಡುತ್ತಿತ್ತು.

ಸ್ವಲ್ಪ ಕೆಳಗೆ ಇಳಿದರೆ ಕಾನ್‌ಫ್ರಾಂಕ್ ಎಂಬಲ್ಲಿ ಬೆಟ್ಟಗಳ ನಡುವೆ ಅರಮನೆಯಂಥ ರೈಲು ನಿಲ್ದಾಣ. 241 ಮೀಟರ್ ಉದ್ದದ ಈ ಕಟ್ಟಡವನ್ನು 1928ರ ಜುಲೈ 18ರಂದು ಸ್ಪೇನಿನ ದೊರೆ 13ನೇ ಅಲ್ಫೋನ್ಸೊ ಹಾಗೂ ಫ್ರಾನ್ಸಿನ ಅಧ್ಯಕ್ಷರು ಸೇರಿ ಉದ್ಘಾಟಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡ ಅನೇಕ ಯೆಹೂದ್ಯರು ಈ ನಿಲ್ದಾಣದ ಮೂಲಕ ಪ್ರಾಣ ಉಳಿಸಿಕೊಂಡರು. 1970ರಲ್ಲಿ ಫ್ರಾನ್ಸಿನ ಬದಿಯಲ್ಲಿ ಹಳಿ ತಪ್ಪಿದ ರೈಲೊಂದು ಸೇತುವೆಯನ್ನು ಕೆಡವಿದ ಮೇಲೆ ಗಡಿ ದಾಟುವ ಸಂಚಾರ ನಿಂತಿತು. ದಶಕಗಳ ಕಾಲ ಪಾಳುಬಿದ್ದಿದ್ದ ಕಟ್ಟಡ ದುರಸ್ತಿಯಾಗಿ 2023ರಲ್ಲಿ ಹೋಟೆಲಾಗಿ ತೆರೆಯಿತು.

ಹಾಕ ಮತ್ತು ಬಂಡೆಯಡಿಯ ಮಠ

ಸೋಂಪೋರ್ಟಿನಿಂದ ಸುಮಾರು 31 ಕಿ.ಮೀ. ಕೆಳಗೆ, ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿ ಹಾಕ ಪಟ್ಟಣವಿದೆ. ಇದು ಅರಗೋನ್ ರಾಜ್ಯದ ಮೊದಲ ರಾಜಧಾನಿ. ಇಲ್ಲಿನ ಸಂತ ಪೇತ್ರರ ಪ್ರಧಾನಾಲಯ 11ನೇ ಶತಮಾನದಲ್ಲಿ ಕಟ್ಟಲು ಆರಂಭಿಸಿದ್ದು. ಸ್ಪೇನಿನ ಅತಿ ಹಳೆಯ ರೋಮನೆಸ್ಕ್ ಪ್ರಧಾನಾಲಯಗಳಲ್ಲಿ ಒಂದು. ಗೋಡೆಯ ಉದ್ದಕ್ಕೂ ಚದುರಂಗದ ಮನೆಗಳಂತೆ ಕೆತ್ತಿದ ಪಟ್ಟಿ ಇದರ ಗುರುತು. ಈ ವಿನ್ಯಾಸ ಇಲ್ಲಿಂದ ಯಾತ್ರಾಮಾರ್ಗದ ಉದ್ದಕ್ಕೂ ಹರಡಿತು. ಪ್ರಧಾನಾಲಯಕ್ಕೆ ಸೇರಿದ ಧರ್ಮಪ್ರಾಂತ್ಯದ ಮ್ಯೂಸಿಯಂನಲ್ಲಿ ಸುತ್ತಲಿನ ಹಳ್ಳಿ ಚರ್ಚುಗಳಿಂದ ಎತ್ತಿ ತಂದು ಕಾಪಾಡಿದ ಮಧ್ಯಯುಗದ ಭಿತ್ತಿಚಿತ್ರಗಳಿವೆ. ಹಳ್ಳಿ ಚರ್ಚುಗಳ ಆಸ್ತಿಯನ್ನು ಧರ್ಮಪ್ರಾಂತ್ಯವೊಂದು ಹೇಗೆ ಉಳಿಸಿಕೊಳ್ಳಬಹುದು ಎಂಬುದಕ್ಕೆ ಇದು ಒಳ್ಳೆಯ ಮಾದರಿ. ಪಟ್ಟಣದ ಪಕ್ಕದಲ್ಲಿ ಎರಡನೇ ಫಿಲಿಪ್ ದೊರೆಯ ಕಾಲದಲ್ಲಿ ಆರಂಭವಾದ ಪಂಚಕೋನಾಕಾರದ ಕೋಟೆಯಿದೆ. ಅದರ ಒಣ ಕಂದಕದಲ್ಲಿ ಜಿಂಕೆಗಳು ಮೇಯುತ್ತಿರುತ್ತವೆ.

ಹಾಕದ ನೈಋತ್ಯಕ್ಕೆ, ಕಾಡಿನ ನಡುವೆ, ಸಂತ ಯೊವಾನ್ನರ 'ಸಾನ್ ಹುವಾನ್ ದೆ ಲಾ ಪೇನ್ಯ' ಮಠ. ಬೃಹತ್ ಬಂಡೆಯೊಂದು ಚಾವಣಿಯಂತೆ ಚಾಚಿಕೊಂಡಿದ್ದು, ಅದರ ಅಡಿಯಲ್ಲೇ ಚರ್ಚು ಮತ್ತು ಮಠದ ಪ್ರಾಂಗಣ ಇವೆ. ಪ್ರಾಂಗಣದ ಕಂಬಗಳ ಮೇಲೆ ಬೈಬಲಿನ ದೃಶ್ಯಗಳ 12ನೇ ಶತಮಾನದ ಕೆತ್ತನೆಗಳಿವೆ. ಅರಗೋನಿನ ಆದಿ ದೊರೆಗಳ ಸಮಾಧಿಯೂ ಇಲ್ಲೇ.

ಚರ್ಚ್ ಕಾರ್ಯಕರ್ತರು ನೆನಪಿಡಬೇಕಾದ ಎರಡು ವಿಷಯಗಳು ಈ ಮಠದಲ್ಲಿವೆ. ಮೊದಲನೆಯದು: 1071ರ ಮಾರ್ಚ್ 22ರಂದು ಐಬೀರಿಯ ಪರ್ಯಾಯ ದ್ವೀಪದಲ್ಲಿಯೇ ಮೊದಲ ಬಾರಿಗೆ ಹಳೆಯ ಸ್ಪೇನ್ ವಿಧಿಯ ಬದಲು ರೋಮನ್ ವಿಧಿಯ ಪೂಜಾ ಕ್ರಮ ಇಲ್ಲಿ ಜಾರಿಗೆ ಬಂತು. ನಾಲ್ಕು ಶತಮಾನಗಳ ನಂತರ ಮಿಷನರಿಗಳ ಜೊತೆ ನಮ್ಮ ಕರಾವಳಿಗೆ ಬಂದದ್ದೂ ರೋಮನ್ ವಿಧಿಯೇ. ಎರಡನೆಯದು: ಕೊನೆಯ ಭೋಜನದಲ್ಲಿ ಪ್ರಭು ಯೇಸು ಬಳಸಿದ್ದೆಂದು ಸಂಪ್ರದಾಯ ನಂಬುವ ಪವಿತ್ರ ಪಾತ್ರೆ 1399ರ ತನಕ ಈ ಮಠದಲ್ಲಿತ್ತು. ಆ ವರ್ಷ ಅದು ದೊರೆ ಮಾರ್ತಿನ್ ಕೈಸೇರಿ, ಮುಂದೆ ವಲೆನ್ಸಿಯ ಪ್ರಧಾನಾಲಯಕ್ಕೆ ಹೋಯಿತು. 1982ರಲ್ಲಿ ಎರಡನೇ ಜಾನ್ ಪಾಲ್, 2006ರಲ್ಲಿ 16ನೇ ಬೆನೆಡಿಕ್ಟ್ ಜಗದ್ಗುರುಗಳು ವಲೆನ್ಸಿಯದಲ್ಲಿ ಅದೇ ಪಾತ್ರೆಯಲ್ಲಿ ಬಲಿಪೂಜೆ ಅರ್ಪಿಸಿದರು. ಇದು ಸಂಪ್ರದಾಯದ ಮಾತೇ ಹೊರತು ಧರ್ಮಸಭೆಯ ವಿಶ್ವಾಸಸೂತ್ರವಲ್ಲ ಎಂಬುದನ್ನು ಯಾತ್ರಿಕರಿಗೆ ತಿಳಿಸಿ ಹೇಳುವುದು ಒಳಿತು.

ಮಠಕ್ಕೆ ರಸ್ತೆಯಿದೆ. ಆದರೆ ಕೆಳಗಿನ ಸಾಂತ ಕ್ರುಸ್ ದೆ ಲಾ ಸೆರೋಸ್ ಹಳ್ಳಿಯಿಂದ ಹಳೆಯ ಕಾಲುದಾರಿಯಲ್ಲಿ ಹತ್ತುವುದೇ ಚೆನ್ನ. ಏರು ಕಡಿದಾಗಿದೆ, ಸುಮಾರು ಒಂದೂವರೆ ಗಂಟೆ ಬೇಕು. ಹಳ್ಳಿಯಲ್ಲಿ ಹಿಂದೆ ಧರ್ಮಭಗಿನಿಯರ ಮಠಕ್ಕೆ ಸೇರಿದ್ದ ಸಂತ ಮರಿಯಮ್ಮನವರ ಸುಂದರ ಚರ್ಚಿದೆ.

ಮುಳುಗಿದ ಗದ್ದೆಗಳು, ಖಾಲಿಯಾದ ಊರುಗಳು

ಹಾಕದಿಂದ ಪಶ್ಚಿಮಕ್ಕೆ ಎರಡು ದಿನ ನಡೆದರೆ ಯೇಸ ಜಲಾಶಯ ಕಾಣಿಸುತ್ತದೆ. ಜನ ಇದನ್ನು 'ಪಿರನೀಸಿನ ಸಮುದ್ರ' ಎನ್ನುತ್ತಾರೆ. 1959ರಲ್ಲಿ ಉದ್ಘಾಟನೆಯಾದ ಅಣೆಕಟ್ಟು ದಕ್ಷಿಣದ ಒಣಭೂಮಿಗೆ ನೀರು ಕೊಟ್ಟಿತು. ಆದರೆ ರುವೆಸ್ತ, ತಿಯೆರ್ಮಾಸ್, ಎಸ್ಕೊ ಎಂಬ ಮೂರು ಊರುಗಳ ಗದ್ದೆಗಳು ನೀರಿನಡಿಗೆ ಹೋದವು. ಮನೆಗಳು ಗುಡ್ಡದ ಮೇಲೆ ಉಳಿದರೂ ಉಳುವ ನೆಲವಿಲ್ಲದೆ ಜನ ಊರು ಬಿಟ್ಟರು. ಇಂದಿಗೂ ಹೆದ್ದಾರಿಯಿಂದ ನೋಡಿದರೆ ಎಸ್ಕೊ ಹಳ್ಳಿಯ ಮುರಿದ ಮನೆಗಳೂ ಚರ್ಚಿನ ಗೋಪುರವೂ ಗುಡ್ಡದ ಮೇಲೆ ಕಾಣುತ್ತವೆ. ತಿಯೆರ್ಮಾಸಿನಲ್ಲಿ ರೋಮನರ ಕಾಲದಿಂದ ಬಿಸಿನೀರಿನ ಬುಗ್ಗೆಗಳಿದ್ದವು. ಬೇಸಿಗೆಯ ಕೊನೆಯಲ್ಲಿ ಜಲಾಶಯ ಇಳಿದಾಗ ಆ ಬುಗ್ಗೆಗಳು ಮತ್ತೆ ಮೇಲೆ ಬರುತ್ತವೆ. ಆಗ ಸುತ್ತಲಿನ ಜನ ಬಂದು ಕೆಸರಿನ ನಡುವೆ ಬಿಸಿನೀರಿನಲ್ಲಿ ಕುಳಿತುಕೊಳ್ಳುತ್ತಾರೆ.

ಅಣೆಕಟ್ಟನ್ನು ಇನ್ನಷ್ಟು ಎತ್ತರಿಸುವ ಕಾಮಗಾರಿ 2001ರಲ್ಲಿ ಆರಂಭವಾಯಿತು. ಕಣಿವೆಯ ಜನರು ಇದನ್ನು ಬಹುಕಾಲದಿಂದ ವಿರೋಧಿಸಿದ್ದಾರೆ. 2013ರಲ್ಲಿ ಅಣೆಕಟ್ಟಿನ ಪಕ್ಕದ ಗುಡ್ಡ ಜರುಗಿದ್ದರಿಂದ ಅಲ್ಲಿನ ಎರಡು ಬಡಾವಣೆಗಳ ನಿವಾಸಿಗಳನ್ನು ತೆರವುಗೊಳಿಸಬೇಕಾಯಿತು. ನೀರಿನ ಅಂದವನ್ನು ಮಾತ್ರ ನೋಡಿ ಹೋಗುವ ಪ್ರವಾಸಿಗೆ ಈ ಕಥೆ ತಿಳಿಯುವುದಿಲ್ಲ.

ರುವೆಸ್ತದಲ್ಲಿ ಎರಡು ಮೂರು ಕಟ್ಟಡಗಳನ್ನು ಯಾತ್ರಿಕರ ತಂಗುದಾಣವಾಗಿ ರಿಪೇರಿ ಮಾಡಲಾಯಿತು. ಅಲ್ಲಿಂದ ಕಮೀನೊ ಮಾರ್ಗ ಪೈನ್ ಕಾಡಿನಲ್ಲಿ ಏರಿ, ಹಳೆಯ ರೋಮನ್ ರಸ್ತೆಯ ಕಲ್ಲುಹಾಸಿನ ತುಂಡೊಂದನ್ನು ದಾಟಿ, ಉಂದ್ವೇಸ್ ದೆ ಲೆರ್ದ ಹಳ್ಳಿಯ ಮೂಲಕ ಸಂಗ್ವೇಸಕ್ಕೆ ಇಳಿಯುತ್ತದೆ. ಒಟ್ಟು ಸುಮಾರು 22 ಕಿ.ಮೀ. ದಾರಿಯಲ್ಲಿ ಅಂಗಡಿಗಳಿಲ್ಲ, ನೀರು, ಬ್ರೆಡ್ಡು ಕಟ್ಟಿಕೊಂಡೇ ಹೊರಡಬೇಕು.

ಲೇಯ್ರೆ: ಹಕ್ಕಿಯ ಹಾಡು ಕೇಳಿದ ಮಠಾಧಿಪತಿ

ಜಲಾಶಯದ ಉತ್ತರದ ಬೆಟ್ಟದ ಮೇಲೆ, ಯೇಸ ಗ್ರಾಮದಿಂದ ಸುಮಾರು 4 ಕಿ.ಮೀ. ದೂರದಲ್ಲಿ ಲೇಯ್ರೆ ಮಠವಿದೆ. 9ನೇ ಶತಮಾನದಲ್ಲೇ ಹೆಸರಾಗಿದ್ದ ಈ ಮಠಕ್ಕೆ ಆ ಕಾಲದಲ್ಲಿ ಕೊರ್ದೊಬದ ಸಂತ ಎವುಲೋಜಿಯೊ ಭೇಟಿ ನೀಡಿದ್ದರು. 1057ರಲ್ಲಿ ಪ್ರತಿಷ್ಠೆಯಾದ ಚರ್ಚಿನ ಕೆಳಗಿನ ನೆಲಮಾಳಿಗೆಯನ್ನು ಯಾರೂ ತಪ್ಪಿಸಿಕೊಳ್ಳಬಾರದು. ಅಲ್ಲಿ ಕಂಬಗಳು ಮೊಣಕಾಲೆತ್ತರ, ಅವುಗಳ ಮೇಲಿನ ಬೋದಿಗೆಗಳು ಮಾತ್ರ ಭಾರಿ ಗಾತ್ರ. ಮೇಲಿನ ಇಡೀ ಚರ್ಚಿನ ಭಾರ ಹೊತ್ತು ನೆಲದೊಳಕ್ಕೆ ಕುಸಿದಂತೆ ಕಾಣುತ್ತವೆ. ಚರ್ಚಿನ ಪಶ್ಚಿಮದ ಬಾಗಿಲು 12ನೇ ಶತಮಾನದ ಕೆತ್ತನೆಗಳಿಂದ ತುಂಬಿದೆ. ನವಾರ್ರದ ಆದಿ ದೊರೆಗಳ ಅಸ್ಥಿಗಳನ್ನು ಇಲ್ಲಿ ಇಡಲಾಗಿದೆ.

ಸಂತ ವಿರೀಲ ಈ ಮಠದ ಮಠಾಧಿಪತಿಯಾಗಿದ್ದವರು. ನಿತ್ಯಜೀವ ಎಂದರೆ ಬೇಸರ ಬಾರದೇ ಎಂಬ ಸಂಶಯ ಅವರನ್ನು ಕಾಡುತ್ತಿತ್ತಂತೆ. ಒಂದು ದಿನ ಬೆಟ್ಟದ ಬುಗ್ಗೆಯ ಬಳಿ ಕುಳಿತು ಹಕ್ಕಿಯೊಂದರ ಹಾಡು ಕೇಳುತ್ತಾ ಮೈಮರೆತರು. ಎಚ್ಚತ್ತು ಮಠಕ್ಕೆ ಮರಳಿದರೆ ಗುರುತಿಸುವವರೇ ಇಲ್ಲ. ಹಳೆಯ ದಾಖಲೆ ತೆಗೆದು ನೋಡಿದಾಗ ಮುನ್ನೂರು ವರ್ಷದ ಹಿಂದೆ ವಿರೀಲ ಎಂಬ ಮಠಾಧಿಪತಿ ಕಾಡಿಗೆ ಹೋಗಿ ಕಾಣೆಯಾದ ವಿಷಯ ಸಿಕ್ಕಿತು. ಒಂದು ಹಕ್ಕಿಯ ಹಾಡಿಗೇ ಮುನ್ನೂರು ವರ್ಷ ಕ್ಷಣದಂತೆ ಕಳೆದರೆ ದೇವರ ಸನ್ನಿಧಿಯಲ್ಲಿ ನಿತ್ಯತೆ ಹೇಗೆ ಬೇಸರವಾದೀತು ಎಂಬುದು ಈ ಕಥೆಯ ಪಾಠ. ಧರ್ಮೋಪದೇಶ ತರಗತಿಗಳಲ್ಲಿ ಮಕ್ಕಳಿಗೆ ಹೇಳಲು ಯೋಗ್ಯವಾದ ಕಥೆ. ಮಠದ ಹಿಂದಿನಿಂದ ಸಂತ ವಿರೀಲರ ಬುಗ್ಗೆಗೆ ಹೋಗುವ ಸಣ್ಣ ಕಾಲುದಾರಿ ಇದೆ. ಅಲ್ಲಿಂದ ಜಲಾಶಯ ಪೂರ್ತಿ ಕಾಣುತ್ತದೆ.

1836ರಲ್ಲಿ ಸರ್ಕಾರ ಮಠಗಳ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಾಗ ಸನ್ಯಾಸಿಗಳು ಲೇಯ್ರೆ ಬಿಟ್ಟು ಹೋಗಬೇಕಾಯಿತು. ಕಟ್ಟಡ ಪಾಳುಬಿತ್ತು. 1954ರಲ್ಲಿ ಬೆನೆಡಿಕ್ಟಿನ್ ಸನ್ಯಾಸಿಗಳು ಬಂದು ಮತ್ತೆ ದೀಪ ಹಚ್ಚಿದರು. ದಿನದ ಪ್ರಾರ್ಥನೆಗಳನ್ನು ಅವರು ಗ್ರೆಗೋರಿಯನ್ ಗಾಯನದಲ್ಲಿ ಹಾಡುತ್ತಾರೆ. ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಅಲ್ಲಿರುವಂತೆ ನೋಡಿಕೊಳ್ಳುವುದು ಉತ್ತಮ.

ಹಾವಿಯೆರ್: 'ಹೊಸಮನೆ'

ಯೇಸದಿಂದ ದಕ್ಷಿಣಕ್ಕೆ ಕೆಲವೇ ಕಿ.ಮೀ. ಹೋದರೆ ಹಾವಿಯೆರ್. ಸಂತರ ಹೆಸರಿನ 'ಕ್ಸೇವಿಯರ್' ಭಾಗ ವಾಸ್ತವದಲ್ಲಿ ಈ ಊರಿನ ಹೆಸರು. ಬಾಸ್ಕ್ ಭಾಷೆಯ 'ಎಚೆಬೆರ್ರಿ' ಎಂಬ ಪದದಿಂದ ಅದು ಬಂದಿದೆ. ಅದರ ಅರ್ಥ 'ಹೊಸ ಮನೆ'. ನಮ್ಮಲ್ಲಿ ಹೊಸಮನೆ ಎಂಬ ಮನೆತನದ ಹೆಸರು ಇರುವ ಹಾಗೆಯೇ ಇದು. ಬಾಸ್ಕ್ ಅವರ ಮಾತೃಭಾಷೆಯೂ ಆಗಿತ್ತು. ದಕ್ಷಿಣ ಭಾರತದ ಮುತ್ತಿನ ಕರಾವಳಿಯಲ್ಲಿ ಸೇವೆ ಮಾಡುವಾಗ, ತನ್ನದು ಬಾಸ್ಕ್, ಜನರದು ಬೇರೆ ಭಾಷೆ, ಹೀಗಾಗಿ ಪರಸ್ಪರ ಅರ್ಥವಾಗುವುದಿಲ್ಲವೆಂದು ಅವರು ಪತ್ರದಲ್ಲಿ ಬರೆದದ್ದುಂಟು.

ಫ್ರಾನ್ಸಿಸ್ 1506ರ ಏಪ್ರಿಲ್ 7ರಂದು ಇಲ್ಲಿನ ಕೋಟೆಮನೆಯಲ್ಲಿ ಹುಟ್ಟಿದರು. ತಂದೆ ಹುವಾನ್ ದೆ ಹಾಸೊ ನವಾರ್ರ ರಾಜ್ಯದ ರಾಜಸಭೆಯ ಮುಖ್ಯಸ್ಥ, ಇಟಲಿಯ ಬೊಲೊನ್ಯದಲ್ಲಿ ಕಾನೂನು ಓದಿದವರು. ತಾಯಿ ಮರಿಯ ದೆ ಅಸ್ಪಿಲ್ಕ್ವೇತ. ಐವರು ಮಕ್ಕಳಲ್ಲಿ ಫ್ರಾನ್ಸಿಸ್ ಕಿರಿಯವರು.

ಬಾಲಕನಿಗೆ ಆರು ವರ್ಷವಾದಾಗ, 1512ರಲ್ಲಿ, ಕತೋಲಿಕ ದೊರೆ ಫರ್ಡಿನಾಂಡನ ಸೈನ್ಯ ನವಾರ್ರವನ್ನು ಗೆದ್ದುಕೊಂಡಿತು. ಆ ಫರ್ಡಿನಾಂಡ್ ಹುಟ್ಟಿದ ಸೋಸ್ ಪಟ್ಟಣ ಸಂಗ್ವೇಸದಿಂದ ಬರೀ 13 ಕಿ.ಮೀ. ದೂರದಲ್ಲಿದೆ! 1515ರಲ್ಲಿ ತಂದೆ ತೀರಿಕೊಂಡರು. 1516ರಲ್ಲಿ, ಸೋತ ಪಕ್ಷದ ಮನೆಯೆಂಬ ಕಾರಣಕ್ಕೆ, ಆಗ ಆಡಳಿತ ನಡೆಸುತ್ತಿದ್ದ ಕಾರ್ಡಿನಲ್ ಸಿಸ್ನೇರೊಸ್ ಅವರ ಅಪ್ಪಣೆಯಂತೆ ಕೋಟೆಯ ಗೋಪುರಗಳನ್ನು ಕೆಡವಲಾಯಿತು. ಹತ್ತು ವರ್ಷದ ಹುಡುಗ ವಿಧವೆ ತಾಯಿಯ ಜೊತೆ ತನ್ನ ಮನೆ ಮುರಿಯುವುದನ್ನು ನೋಡಿದನು. ಅಣ್ಣಂದಿರಾದ ಮಿಗೆಲ್ ಮತ್ತು ಹುವಾನ್ ಕಳೆದುಹೋದ ರಾಜ್ಯಕ್ಕಾಗಿ ವರ್ಷಗಟ್ಟಲೆ ಹೋರಾಡಿ ಕೊನೆಗೆ ಕ್ಷಮಾದಾನ ಪಡೆದು ಮರಳಿದರು.

1521ರ ಮೇ ತಿಂಗಳಲ್ಲಿ ಪಂಪ್ಲೋನ ಕೋಟೆಯ ಮುತ್ತಿಗೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಯೋಧ ಇಗ್ನೇಷಿಯಸ್ ಲೊಯೋಲ. ಆತ ಹೋರಾಡಿದ್ದು ಗೆದ್ದವರ ಪರ. ಫ್ರಾನ್ಸಿಸರ ಅಣ್ಣಂದಿರು ಎದುರು ಪಾಳೆಯದವರು. 1525ರಲ್ಲಿ ಹತ್ತೊಂಬತ್ತರ ಹರೆಯದ ಫ್ರಾನ್ಸಿಸ್ ಓದಲೆಂದು ಪ್ಯಾರಿಸಿಗೆ ಹೊರಟರು. ಮುಂದೆ ಅಲ್ಲಿ ಅದೇ ಇಗ್ನೇಷಿಯಸ್ ಅವರ ಸಹವಾಸಿಯಾದರು. ಮನೆ ಕೆಡವಿದವರ ಕಡೆಯ ಯೋಧನನ್ನು ತನ್ನ ಆತ್ಮಿಕ ತಂದೆಯೆಂದು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಅದಕ್ಕೆ ವರ್ಷಗಳೇ ಹಿಡಿದವು. 1534ರ ಆಗಸ್ಟ್ 15ರಂದು ಏಳು ಮಂದಿ ಗೆಳೆಯರು ಮೋಮಾರ್ತ್ರ ಗುಡ್ಡದಲ್ಲಿ ಹರಕೆ ತೊಟ್ಟಾಗ ಇಬ್ಬರೂ ಜೊತೆಗಿದ್ದರು. ಮನೆಮನೆಗಳ ನಡುವೆ, ವಾಳೆಗಳ ನಡುವೆ ಹಳೆಯ ಜಗಳಗಳನ್ನು ಉಳಿಸಿಕೊಂಡಿರುವ ನಮಗೆ ಈ ಸ್ನೇಹ ಪವಾಡಗಳಿಗಿಂತ ಕಡಿಮೆಯಲ್ಲ ಎಂದು ನಮ್ಮ ಭಾವನೆ.

ಪ್ಯಾರಿಸಿಗೆ ಹೊರಟ ಮಗ ಹಾವಿಯೆರ್ ಮನೆಗೆ ಮರಳಲೇ ಇಲ್ಲ. ತಾಯಿ 1529ರಲ್ಲಿ ತೀರಿಕೊಂಡರು. ಫ್ರಾನ್ಸಿಸ್ 1541ರ ಏಪ್ರಿಲ್ 7ರಂದು, ತಮ್ಮ 35ನೇ ಹುಟ್ಟುಹಬ್ಬದ ದಿನ, ಲಿಸ್ಬನ್ನಿನಿಂದ ಹಡಗು ಹತ್ತಿ 1542ರ ಮೇ 6ರಂದು ಗೋವೆಗೆ ಬಂದಿಳಿದರು. 1552ರ ಡಿಸೆಂಬರ್ 3ರಂದು ಚೀನಾದ ಬಾಗಿಲಲ್ಲಿ ಪ್ರಾಣಬಿಟ್ಟರು.

ಕೋಟೆಯಲ್ಲಿ ನೋಡಬೇಕಾದುವು

ಈಗ ಕಾಣುವ ಕೋಟೆ 19ನೇ ಶತಮಾನದ ಕೊನೆಯಿಂದ ಹಂತಹಂತವಾಗಿ ಪುನಃ ಕಟ್ಟಿದ್ದು. ಪಕ್ಕದ ಬಸಿಲಿಕ ಆಗಲೇ ನಿರ್ಮಾಣವಾಗಿ 1901ರಲ್ಲಿ ಪೂರ್ಣಗೊಂಡಿತು; ಅದು ನಿಂತಿರುವುದು ಸಂತರು ಹುಟ್ಟಿದರೆನ್ನುವ ಭಾಗದ ಮೇಲೆ. ಸ್ಥಳವನ್ನು ಯೇಸುಸಭೆಗೆ ಒಪ್ಪಿಸಲಾಯಿತು. 2006ರ ಜನ್ಮ ಪಂಚಶತಮಾನೋತ್ಸವಕ್ಕಾಗಿ ಮತ್ತೊಮ್ಮೆ ದುರಸ್ತಿ ನಡೆಯಿತು.

ಒಳಗೆ ಮುಖ್ಯವಾದುದು ಗೋಪುರದ ಚಿಕ್ಕ ಪ್ರಾರ್ಥನಾಲಯ. ಅಲ್ಲಿ ಅಕ್ರೋಟು ಮರದಲ್ಲಿ ಕೆತ್ತಿದ ಶಿಲುಬೆಯ ಯೇಸುವಿನ ಪ್ರತಿಮೆಯಿದೆ. ಪ್ರಾಣ ಬಿಡುತ್ತಿರುವ ಪ್ರಭುವಿನ ತುಟಿಗಳಲ್ಲಿ ಮುಗುಳ್ನಗೆ! ಸುತ್ತಲ ಗೋಡೆಗಳ ಮೇಲೆ ಅಸ್ಥಿಪಂಜರಗಳು ಕುಣಿಯುವ 'ಮರಣದ ನೃತ್ಯ'ದ ಹಳೆಯ ಚಿತ್ರಗಳು. ಬಾಲಕ ಫ್ರಾನ್ಸಿಸ್ ಪ್ರಾರ್ಥಿಸಿದ್ದು ಈ ಪ್ರತಿಮೆಯ ಮುಂದೆ. ಅವರು ಚೀನಾದ ಬಳಿ ಸಾಯುವ ಹೊತ್ತಿನಲ್ಲಿ ಪ್ರತಿಮೆ ರಕ್ತ ಬೆವರಿತೆಂಬ ನಂಬಿಕೆ ಮನೆಯವರಲ್ಲಿ ಉಳಿದುಬಂದಿದೆ. ಕೋಟೆಯ ಹತ್ತಿರದ ಸಂತ ಮರಿಯಮ್ಮನವರ ಚರ್ಚಿನಲ್ಲಿ ಅವರು ಸ್ನಾನದೀಕ್ಷೆ ಪಡೆದರೆನ್ನುವ ಕಲ್ಲಿನ ತೊಟ್ಟಿ ಇದೆ. ನಮ್ಮಿಂದ ಹೋಗುವ ತಂಡಗಳು ಅಲ್ಲಿ ನಿಂತು ತಮ್ಮ ಸ್ನಾನದೀಕ್ಷೆಯ ವಾಗ್ದಾನಗಳನ್ನು ನವೀಕರಿಸಿದರೆ ಅದಕ್ಕಿಂತ ಒಳ್ಳೆಯ ಪ್ರಾರ್ಥನೆ ಬೇಕಿಲ್ಲ.

ಹಾವಿಯೆರಾದ: ಇಡೀ ನಾಡೇ ನಡೆಯುವ ದಿನ

1885ರಲ್ಲಿ ಕಾಲರಾ ರೋಗ ಹಬ್ಬಿದಾಗ ನವಾರ್ರದ ಜನ ತಮ್ಮ ಪಾಲಕ ಸಂತರಿಗೆ ಹರಕೆ ಹೊತ್ತರು. ಹರಕೆ ತೀರಿಸಲು 1886ರ ಮಾರ್ಚ್‌ನಲ್ಲಿ ಸಾವಿರಾರು ಜನ ಹಾವಿಯೆರಿಗೆ ಬಂದರು. 1940ರಿಂದ ಇದು ವ್ಯವಸ್ಥಿತ ಪಾದಯಾತ್ರೆಯಾಯಿತು. ಮಾರ್ಚ್ 4ರಿಂದ 12ರ ತನಕ 'ಕೃಪೆಯ ನೊವೆನಾ' ನಡೆಯುತ್ತದೆ. ಫ್ರಾನ್ಸಿಸರನ್ನು ಸಂತರೆಂದು ಘೋಷಿಸಿದ್ದು 1622ರ ಮಾರ್ಚ್ 12ರಂದು ಎಂಬುದನ್ನು ಇಲ್ಲಿ ನೆನೆಯಬಹುದು. ಆ ದಿನಗಳಲ್ಲಿ ವಾರಾಂತ್ಯಗಳಂದು ಜನ ನಾಡಿನ ಮೂಲೆಮೂಲೆಗಳಿಂದ ನಡೆದು ಬರುತ್ತಾರೆ. ಪಂಪ್ಲೋನದಿಂದ ಸುಮಾರು 50 ಕಿ.ಮೀ.; ಇನ್ನೂ ದೂರದಿಂದ ಎರಡು ಮೂರು ದಿನ ನಡೆಯುವವರೂ ಉಂಟು. ಸಂಗ್ವೇಸದಲ್ಲಿ ಎಲ್ಲರೂ ಸೇರಿ, ಅಲ್ಲಿಂದ ಕೊನೆಯ 8 ಕಿ.ಮೀ. ಶಿಲುಬೆಯ ಹಾದಿ ಮಾಡುತ್ತಾ ಹೋಗಿ, ಕೋಟೆಯ ಮುಂದಿನ ಬಯಲಿನಲ್ಲಿ ಬಲಿಪೂಜೆಯಲ್ಲಿ ಪಾಲ್ಗೊಳ್ಳುತ್ತಾರೆ. ಚರ್ಚಿಗೆ ಅಪರೂಪವಾದ ಯುವಕರೂ ಈ ದಿನ ತಪ್ಪದೆ ನಡೆಯುತ್ತಾರೆಂಬುದು ಗಮನಾರ್ಹ.

ಸಂಗ್ವೇಸ ಮತ್ತು ಲುಂಬಿಯೆರ್ ಕಂದರ

1122ರಲ್ಲಿ ನದಿಯ ದಡಕ್ಕೆ ಬಂದು ನೆಲೆಸಿದ ಸಂಗ್ವೇಸ ಪಟ್ಟಣಕ್ಕೆ ನದಿಯೇ ಸೌಭಾಗ್ಯವೂ ಶಾಪವೂ ಆಗಿತ್ತು. 1787ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ ಬಂದ ನೆರೆಯಲ್ಲಿ ನೂರಾರು ಜನ ಸತ್ತು, ಹೆಚ್ಚಿನ ಮನೆಗಳು ಕೊಚ್ಚಿಹೋದವು. ದಡದಲ್ಲೇ ಇರುವ ಸಂತ ಮರಿಯಮ್ಮನವರ ಚರ್ಚು ಉಳಿಯಿತು. ಅದರ ದಕ್ಷಿಣದ ಬಾಗಿಲಿನ ಕೆತ್ತನೆ ಒಂದು ಕಲ್ಲಿನ ಧರ್ಮೋಪದೇಶ ಪುಸ್ತಕ: ಅಂತಿಮ ತೀರ್ಪು, ಪ್ರೇಷಿತರು, ಮರಿಯಮ್ಮ, ನೇಣು ಹಾಕಿಕೊಂಡ ಯೂದ, ಜೊತೆಗೆ ಕಮ್ಮಾರ, ಚಮ್ಮಾರರಂಥ ಸಾಮಾನ್ಯರು. ಕೆತ್ತಿದ ಲೆಯೊದೆಗಾರಿಯುಸ್ ಎಂಬ ಶಿಲ್ಪಿ ತನ್ನ ಹೆಸರನ್ನೂ ಅಲ್ಲೇ ಕೆತ್ತಿದ್ದಾನೆ.

ಸಂಗ್ವೇಸದ ಸ್ವಲ್ಪ ಮೇಲೆ ಇರಾತಿ ನದಿ ಅರಗೋನನ್ನು ಸೇರುತ್ತದೆ. ಆ ಇರಾತಿ ಸುಣ್ಣಕಲ್ಲಿನ ಬೆಟ್ಟವನ್ನು ಸೀಳಿ ಮಾಡಿದ ಕಂದರವೇ ಲುಂಬಿಯೆರ್ ಫೋಸ್. ಉದ್ದ 1.3 ಕಿ.ಮೀ., ಎರಡೂ ಬದಿಯ ಗೋಡೆಗಳು 150 ಮೀಟರ್ ತನಕ ಎತ್ತರ. 1911ರಿಂದ 1955ರ ತನಕ ಇಲ್ಲಿ ಓಡುತ್ತಿದ್ದ ವಿದ್ಯುತ್ ರೈಲಿನ ಹಳಿಯ ಜಾಗವೇ ಈಗ ಕಾಲುದಾರಿ. ದಾರಿ ಸಮತಟ್ಟಾಗಿರುವುದರಿಂದ ಹಿರಿಯರೂ ಮಕ್ಕಳೂ ನಡೆಯಬಹುದು. ಎರಡು ಸುರಂಗಗಳಲ್ಲಿ ದೀಪವಿಲ್ಲ, ಟಾರ್ಚ್ ಬೇಕೇ ಬೇಕು. ಕೊನೆಯಲ್ಲಿ 1812ರ ಯುದ್ಧದಲ್ಲಿ ಫ್ರೆಂಚರು ಒಡೆದ 'ಸೈತಾನನ ಸೇತುವೆ'ಯ ಅವಶೇಷ ಕಾಣುತ್ತದೆ. ತಲೆ ಎತ್ತಿದರೆ ಗ್ರಿಫನ್ ರಣಹದ್ದುಗಳು. ರೆಕ್ಕೆ ಬಿಚ್ಚಿದರೆ ಸುಮಾರು ಎರಡೂವರೆ ಮೀಟರ್. ನಮ್ಮ ದೇಶದಲ್ಲಿ ರಣಹದ್ದುಗಳು ಬಹುತೇಕ ಅಳಿದುಹೋದ ಕಾಲದಲ್ಲಿ ಈ ನೋಟ ಮನಸ್ಸಿಗೆ ನಾಟುತ್ತದೆ. ಅವು ಬಂಡೆಗಳಲ್ಲೇ ಮರಿ ಮಾಡುವುದರಿಂದ ಕೂಗಾಟ, ಕಲ್ಲೆಸೆತ ಕೂಡದು. ಸಮೀಪದ ಅರ್ಬಯೂನ್ ಕಂದರ ಇನ್ನೂ ಆಳವಾದದ್ದು. ಅದನ್ನು ರಸ್ತೆಬದಿಯ ಇಸೊ ವೀಕ್ಷಣಾ ಕಟ್ಟೆಯಿಂದ ನೋಡಬಹುದು.

ಯಾತ್ರೆ ಏರ್ಪಡಿಸುವವರಿಗೆ ಕೆಲವು ಸೂಚನೆಗಳು

1. ಕಾಲ: ಮೇ, ಜೂನ್ ಹಾಗೂ ಸೆಪ್ಟೆಂಬರ್, ಅಕ್ಟೋಬರ್ ನಡೆಯಲು ಯೋಗ್ಯ. ಜುಲೈ, ಆಗಸ್ಟ್‌ನಲ್ಲಿ ಕೆಳಕಣಿವೆ ಸುಡುತ್ತದೆ. ಚಳಿಗಾಲದಲ್ಲಿ ಸೋಂಪೋರ್ಟಿನಲ್ಲಿ ಹಿಮ. ಹಾವಿಯೆರಾದಕ್ಕೆ ಹೋಗುವವರು ಮಾರ್ಚ್ ತಿಂಗಳ ಚಳಿಮಳೆಗೆ ಸಿದ್ಧರಾಗಿರಬೇಕು.

2. ತಲುಪುವುದು: ಮ್ಯಾಡ್ರಿಡ್‌ನಿಂದ ಪಂಪ್ಲೋನಕ್ಕೆ ರೈಲು ಇದೆ. ಅಲ್ಲಿಂದ ಹಾವಿಯೆರಿಗೆ ವಾಹನದಲ್ಲಿ ಸುಮಾರು ಒಂದು ಗಂಟೆ. ಹಳ್ಳಿಗಳಿಗೆ ಬಸ್ಸುಗಳು ಬಹಳ ಕಡಿಮೆ, ಭಾನುವಾರ ಇನ್ನೂ ಕಡಿಮೆ. ಷೆಂಗೆನ್ ವೀಸಾಗೆ ಸಾಕಷ್ಟು ಮುಂಚೆಯೇ ಅರ್ಜಿ ಹಾಕಬೇಕು.

3. ಎಲ್ಲರೂ ನಡೆಯಬಹುದಾದ ದಾರಿ: ಸಂಗ್ವೇಸದಿಂದ ಹಾವಿಯೆರಿಗೆ 8 ಕಿ.ಮೀ. ಶಿಲುಬೆಯ ಹಾದಿಯ ಪುಸ್ತಕ ಜೊತೆಗಿರಲಿ. ನಡೆಯಲಾಗದವರನ್ನು ವಾಹನದಲ್ಲಿ ಮುಂದೆ ಕಳುಹಿಸಬಹುದು.

4. ಕಮೀನೊ ನಡೆಯುವವರು: ಹಳದಿ ಬಾಣದ ಗುರುತು ಹಿಡಿದು ಸಾಗಬೇಕು. ಯಾತ್ರಿಕರ ಪಾಸ್‌ಪೋರ್ಟ್ ಪಡೆದು ತಂಗುದಾಣಗಳಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು. ತುರ್ತು ಕರೆಗೆ 112.

5. ಬಲಿಪೂಜೆ: ಜೊತೆಗಿರುವ ಧರ್ಮಗುರುಗಳು ತಮ್ಮ ಧರ್ಮಾಧ್ಯಕ್ಷರ ಪರಿಚಯ ಪತ್ರ ತರಬೇಕು. ಹಾವಿಯೆರ್ ಮತ್ತು ಲೇಯ್ರೆಯಲ್ಲಿ ಪೂಜೆ ಅರ್ಪಿಸಲು ಮೊದಲೇ ಪತ್ರ ಬರೆದು ಸಮಯ ಗೊತ್ತುಮಾಡಿಕೊಳ್ಳಿ. ಲೇಯ್ರೆಯಲ್ಲಿ ಮೌನ ಪಾಲನೆ ಮುಖ್ಯ.

6. ಊಟ: ಮಧ್ಯಾಹ್ನದ ಊಟ ಎರಡು ಗಂಟೆಗೆ, ರಾತ್ರಿಯದು ಒಂಬತ್ತಕ್ಕೆ. ಸಂಗ್ವೇಸದ ಬಿಳಿ ಅವರೆಯಂಥ 'ಪೋಚಾಸ್' ಕಾಳಿನ ಸಾರು, ಪಿರನೀಸಿನ ರೊಂಕಾಲ್ ಕಣಿವೆಯ ಕುರಿಹಾಲಿನ ಚೀಸ್ ರುಚಿ ನೋಡಬಹುದು.

ಕೊನೆಯ ಮಾತು

ಗೋವೆಯಲ್ಲಿ ನಾವು ನೋಡುವುದು ಸಂತರ ಯಾತ್ರೆಯ ಕೊನೆಯನ್ನು. ಹಾವಿಯೆರಿನಲ್ಲಿರುವುದು ಅದರ ಮೊದಲ ಹೆಜ್ಜೆ. ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳು ಕೊಲ್ಲಿ ರಾಷ್ಟ್ರಗಳಿಗೋ ಕೆನಡಾಕ್ಕೋ ಹೋಗಿ, ತಾಯಿತಂದೆಯರು ಮಾತ್ರ ಉಳಿದಿರುವ ಮನೆಗಳು ಎಷ್ಟೋ ಇವೆ. 1525ರಲ್ಲಿ ಮಗನನ್ನು ಬೀಳ್ಕೊಟ್ಟು, ಅವನ ಮುಖ ಮತ್ತೆ ಕಾಣದೆ ಕಣ್ಮುಚ್ಚಿದ ಮರಿಯ ದೆ ಅಸ್ಪಿಲ್ಕ್ವೇತ ಅವರ ಬಗ್ಗೆ ಪ್ರಸಂಗಗಳಲ್ಲಿ ನಾವು ಕೇಳುವುದು ಕಡಿಮೆ. ಆ ಕೋಟೆಯ ಬಾಗಿಲಲ್ಲಿ ನಿಲ್ಲುವ ಅವಕಾಶ ಸಿಕ್ಕವರು ಆ ತಾಯಿಯನ್ನೂ ಒಮ್ಮೆ ನೆನೆಯಲಿ. ಹೋಗಲಾಗದವರು ಬರುವ ಡಿಸೆಂಬರ್ 3ರ ಹಬ್ಬದಂದು ಅಥವಾ ಮಾರ್ಚ್ ತಿಂಗಳ ನೊವೆನಾ ದಿನಗಳಲ್ಲಿ, ದೂರದಲ್ಲಿರುವ ನಮ್ಮೆಲ್ಲ ಮಕ್ಕಳಿಗಾಗಿ, ಮನೆಯಲ್ಲಿ ಕಾಯುತ್ತಿರುವ ಹಿರಿಯರಿಗಾಗಿ ಒಂದು ಪ್ರಾರ್ಥನೆ ಸಲ್ಲಿಸಲಿ ಎಂಬುದು ನಮ್ಮ ವಿನಂತಿ.